ಹಸಿ ಬೀಜ, ಹುರಿದ ಬೀಜ, ಮೊಳಕೆ: ಯಾವುದು ಸೇಫ್?

ಎಳ್ಳು, ಅಗಸೆ, ಸೂರ್ಯಕಾಂತಿ ಬೀಜ ಒಣಗಿರುತ್ತದೆ, ಹಾಗಾಗಿ ಸೇಫ್ ಅಂದುಕೊಳ್ಳುತ್ತೇವೆ ಅಲ್ವಾ? ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಒಣ ಬೀಜದಲ್ಲಿ ಬೆಳೆಯುವುದಿಲ್ಲ, ನಿಜ. ಆದರೆ ಸುಲಭಕ್ಕೆ ಸಾಯುವುದೂ ಇಲ್ಲ. ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ.

ಹಸಿಯದಕ್ಕಿಂತ ಹುರಿದದ್ದು ವಾಸಿ. ಬಿಸಿ ಎಲ್ಲ ಕಡೆ ಸಮನಾಗಿ ತಾಗಿರಬೇಕು. ಒಣಗಿದಾಗ ಈ ಬ್ಯಾಕ್ಟೀರಿಯಾ ಬಿಸಿಯನ್ನು ಜಾಸ್ತಿ ತಡೆದುಕೊಳ್ಳುತ್ತದೆ. ಬೂಷ್ಟು ಹಿಡಿದದ್ದನ್ನು ಮಾತ್ರ ಹುರಿದು ಉಳಿಸಲು ಹೋಗಬೇಡಿ. ಅದರಲ್ಲಿ ಬೂಷ್ಟು ಬಿಡುವ ಅಫ್ಲಟಾಕ್ಸಿನ್ ಎಂಬ ವಿಷ ಇದ್ದರೆ ಹುರಿದರೂ ಪೂರ್ತಿ ಹೋಗುವುದಿಲ್ಲ.

ನನಗೆ ನಿಜವಾದ ಭಯ ಹಸಿ ಮೊಳಕೆಯದ್ದು. ತೇವ, ಬೆಚ್ಚನೆ ಜಾಗ, ಎರಡು ಮೂರು ದಿನ: ಮೊಳಕೆಗೆ ಬೇಕಾದದ್ದೇ ಬ್ಯಾಕ್ಟೀರಿಯಾಕ್ಕೂ ಬೇಕು. ಬೆರಳೆಣಿಕೆಯಷ್ಟಿದ್ದದ್ದು ಲಕ್ಷಗಟ್ಟಲೆ ಆಗುತ್ತದೆ. ಸಿಪ್ಪೆಯ ಸಣ್ಣ ಬಿರುಕಿನಲ್ಲಿ ಕೂತದ್ದು ತೊಳೆದರೂ ಬರುವುದಿಲ್ಲ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯ ಜೊತೆ ನಂಟಿದ್ದ ಇ. ಕೋಲಿ ಬ್ಯಾಕ್ಟೀರಿಯಾದ ಸೋಂಕು 50ಕ್ಕೂ ಹೆಚ್ಚು ಜನರ ಜೀವ ತೆಗೆಯಿತು. ಗರ್ಭಿಣಿಯರು, ಪುಟ್ಟ ಮಕ್ಕಳು, ವಯಸ್ಸಾದವರು ಮೊಳಕೆಯನ್ನು ಚೆನ್ನಾಗಿ ಬೇಯಿಸಿಯೇ ತಿನ್ನಲಿ.

ಬಿಡಿಯಾಗಿ ಕೊಳ್ಳುವುದೋ, ಪ್ಯಾಕೆಟ್ಟೋ? ನನ್ನ ಓಟು ಪ್ಯಾಕೆಟ್‌ಗೆ. ಹತ್ತು ಜನರ ಕೈ ತಾಗಿರುವುದಿಲ್ಲ. ತೊಂದರೆ ಗೊತ್ತಾಗಿ ಮಾಲು ವಾಪಸ್ ಕರೆದರೆ ಬ್ಯಾಚ್ ನಂಬರ್ ನೋಡಿ ಎಸೆಯಬಹುದು. ಒಳಗೆ ನೀರಿನ ಹನಿ ಕಟ್ಟಿದ್ದರೆ ಅಲ್ಲೇ ಬಿಟ್ಟುಬನ್ನಿ.