ರೋಮಿನಲ್ಲಿ ಅಮೆರಿಕದ ರುಚಿ: ಆಮದು ಡಬ್ಬಿಯೋ, ಪಾರ್ಸೆಲ್ಲೋ, ಮನೆಯ ಅಡುಗೆಯೋ?

ರೋಮಿನಲ್ಲಿ ನೆಲೆಸಿರುವ ಅಮೆರಿಕನ್ನರಿಗೆ ತಮ್ಮ ಊರಿನ ತಿನಿಸು ತಿನ್ನಬೇಕೆನಿಸಿದಾಗ ಮೂರು ದಾರಿಗಳಿವೆ. ಆಮದು ಸರಕಿನ ಅಂಗಡಿಗೆ ಹೋಗಿ ಡಬ್ಬಿ ಕೊಳ್ಳಬಹುದು. ಅಮೆರಿಕದಿಂದ ಪಾರ್ಸೆಲ್ಲಿನಲ್ಲೋ ಸೂಟ್‌ಕೇಸಿನಲ್ಲೋ ತರಿಸಿಕೊಳ್ಳಬಹುದು. ಇಲ್ಲವೇ ಇಲ್ಲಿನ ಮಾರುಕಟ್ಟೆಯ ಸಾಮಾನಿನಿಂದಲೇ ಮನೆಯಲ್ಲಿ ಮಾಡಿಕೊಳ್ಳಬಹುದು. ಮೂರನ್ನೂ ಸಾಕಷ್ಟು ಹಣ ಮತ್ತು ತಾಳ್ಮೆ ಖರ್ಚು ಮಾಡಿ ನೋಡಿದ ಮೇಲೆ ನನ್ನ ಒಲವು ಮೂರನೆಯದರ ಕಡೆಗೇ ಇದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಮೈಸೂರಿನಲ್ಲಿ ಬೆಳೆದು, ನ್ಯೂಜೆರ್ಸಿಯಲ್ಲಿ ಸಂಸಾರ ಹೂಡಿ, ಅಮೆರಿಕದ ಪೌರತ್ವ ಪಡೆದು, ಯಜಮಾನರ ಉದ್ಯೋಗದ ನಿಮಿತ್ತ ರೋಮಿಗೆ ಬಂದವಳು. ಮಗಳು ಹುಟ್ಟಿ ಬೆಳೆದದ್ದು ಅಮೆರಿಕದಲ್ಲಿ. ಹೀಗಾಗಿ ನಮ್ಮ ಮನೆಯಲ್ಲಿ ಒಬ್ಬಟ್ಟಿನ ಚಪಲ ನನ್ನೊಬ್ಬಳದಾದರೆ, ಕಾರ್ನ್‌ಬ್ರೆಡ್ (ಮುಸುಕಿನ ಜೋಳದ ಬ್ರೆಡ್), ಬಿಸ್ಕಟ್ (ನಮ್ಮ ಬಿಸ್ಕತ್ತಲ್ಲ, ಮೆತ್ತನೆಯ ಉಪ್ಪಿನ ಬನ್ನು), ಪಂಪ್‌ಕಿನ್ ಪೈ (ಕುಂಬಳಕಾಯಿಯ ತಿರುಳು ತುಂಬಿದ ಸಿಹಿ)ಗಳ ಚಪಲ ಎಲ್ಲರದು.

ಇಟಲಿಯಲ್ಲಿದ್ದುಕೊಂಡು ಅಮೆರಿಕದ ತಿಂಡಿಗೆ ಬಾಯಿ ಬಿಡುವುದೇ ಎಂದು ಹುಬ್ಬೇರಿಸುವವರಿದ್ದಾರೆ. ಮಧ್ಯಾಹ್ನ ಮತ್ತು ರಾತ್ರಿಯ ಊಟದ ಬಗ್ಗೆ ನನ್ನ ತಕರಾರು ಏನೂ ಇಲ್ಲ. ತೂಕದ ಲೆಕ್ಕದಲ್ಲಿ ಕತ್ತರಿಯಿಂದ ಕತ್ತರಿಸಿಕೊಡುವ ಇಲ್ಲಿನ ಪಿಜ್ಜಾ ತಿಂದ ಮೇಲೆ ನ್ಯೂಜೆರ್ಸಿಯ ಪಿಜ್ಜಾ ನಮಗೆ ನೆನಪಾಗಿಯೇ ಇಲ್ಲ. ತೊಂದರೆಯಿರುವುದು ಬೆಳಗಿನ ಹೊತ್ತಿನಲ್ಲಿ. ಬಾರ್‌ನ (ಇಲ್ಲಿ ಕಾಫಿ ಅಂಗಡಿಗೇ ಬಾರ್ ಎನ್ನುತ್ತಾರೆ) ಕಟ್ಟೆಯ ಮುಂದೆ ನಿಂತು, ಕಪುಚಿನೋ ಕಾಫಿಯ ಜೊತೆಗೆ ಕೊರ್ನೆತ್ತೋ ಎಂಬ ಕೊಂಬಿನಾಕಾರದ ಸಿಹಿ ಬನ್ನೊಂದನ್ನು ತಿಂದು ಕೆಲಸಕ್ಕೆ ಹೊರಡುವುದು ರೋಮನ್ನರ ಪದ್ಧತಿ. ಬೆಳಗ್ಗೆ ಬಿಸಿಯಾದ, ಉಪ್ಪಿನ ತಿಂಡಿ ಬೇಕು ಎನ್ನುವ ವಿಷಯದಲ್ಲಿ ಮಾತ್ರ ಮೈಸೂರಿನವರೂ ಅಮೆರಿಕನ್ನರೂ ಒಂದೇ ಪಂಗಡ. ನಮ್ಮ ಮನೆಯ ಹಂಬಲಗಳಲ್ಲಿ ಅರ್ಧಕ್ಕೂ ಹೆಚ್ಚು ಬೆಳಗಿನ ತಿಂಡಿಗೇ ಸಂಬಂಧಿಸಿದವು ಎಂಬುದು ಇದರಿಂದ ತಿಳಿಯುತ್ತದೆ.

ಮೊದಲನೆಯ ದಾರಿಯಾದ ಆಮದು ಅಂಗಡಿಗಳ ಪೈಕಿ ರೋಮಿನಲ್ಲಿ ಎಲ್ಲರೂ ಹೆಸರಿಸುವುದು ವ್ಯಾಟಿಕನ್ನಿಗೆ ಸಮೀಪದ ವಿಯಾ ಕೋಲಾ ದಿ ರಿಯೆಂಝೋ ಬೀದಿಯಲ್ಲಿರುವ ಕಾಸ್ತ್ರೋನಿಯನ್ನು. ಕಾಫಿ ಹುರಿಯುವ ಪರಿಮಳದ ನಡುವೆ ಮೇಪಲ್ ಸಿರಪ್, ಪ್ಯಾನ್‌ಕೇಕ್ ಮಿಶ್ರಣ, ಪೀನಟ್ ಬಟರ್ ಮುಂತಾದವು ನಾನಾ ದೇಶಗಳ ಸಾಸು, ಮಸಾಲೆಗಳ ಜೊತೆ ಸಾಲಾಗಿ ಕುಳಿತಿರುತ್ತವೆ. ನೋಡುವುದಕ್ಕೆ ಕಣ್ಣಿಗೆ ಹಬ್ಬ. ಆದರೆ ಆಮದು ಸರಕು ಎಲ್ಲಿ ಕೊಂಡರೂ ಆಮದು ಸರಕೇ. ಅಮೆರಿಕದ ಬೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಅಂಗಡಿಯೊಳಗೆ ಕಾಲಿಟ್ಟವರು ಕೈ ಹಿಂದಕ್ಕೆಳೆಯುತ್ತಾರೆ. ವರ್ಷಕ್ಕೊಮ್ಮೆ ಹುಟ್ಟುಹಬ್ಬಕ್ಕೆಂದು ಏನಾದರೂ ಕೊಳ್ಳುವುದಾದರೆ ಸರಿ, ವಾರವಾರವೂ ಬೇಕಾಗುವ ಪದಾರ್ಥವನ್ನು ಈ ದಾರಿಯಲ್ಲಿ ತರುವುದು ನಮ್ಮ ಸಂಸಾರಕ್ಕೆ ಹೊಂದುವುದಿಲ್ಲ.

ಎರಡನೆಯ ದಾರಿಯ ಬಗ್ಗೆ ಸ್ವಲ್ಪ ಎಚ್ಚರಿಕೆಯ ಮಾತು ಬೇಕು. ಅಮೆರಿಕದಿಂದ ಬರುವ ಪ್ರಯಾಣಿಕರು ಮಾಂಸದ ಮತ್ತು ಹಾಲಿನ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದೊಳಕ್ಕೆ ತರುವಂತಿಲ್ಲ. ಹಾಗಾಗಿ ಚೆಡ್ಡರ್ ಚೀಸ್, ಒಣಮಾಂಸ ಎರಡನ್ನೂ ಪಟ್ಟಿಯಿಂದ ಹೊಡೆದುಹಾಕಬೇಕು. ಪೀನಟ್ ಬಟರ್ ತರಬಹುದು, ಆದರೆ ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಅದನ್ನು ದ್ರವವೆಂದೇ ಎಣಿಸುವುದರಿಂದ ಕೈಚೀಲದಲ್ಲಿ ಅದರ ದೊಡ್ಡ ಡಬ್ಬಿಗೆ ಜಾಗವಿಲ್ಲ. ಅಂಚೆಯ ಪಾರ್ಸೆಲ್ಲಾದರೆ, ಖಾಸಗಿ ವ್ಯಕ್ತಿಗಳು ಒಬ್ಬರಿಗೊಬ್ಬರು ಕಳಿಸುವ ಉಡುಗೊರೆಗೆ 45 ಯೂರೋ ಮೌಲ್ಯದವರೆಗೆ ಸುಂಕವೂ ಇಲ್ಲ, ವ್ಯಾಟ್ ತೆರಿಗೆಯೂ ಇಲ್ಲ. ಕೊಂಡು ತರಿಸುವ ಮಾಲಿಗೆ ಹಿಂದೆ 22 ಯೂರೋವರೆಗೆ ಇದ್ದ ವ್ಯಾಟ್ ವಿನಾಯಿತಿ 2021ರ ಜುಲೈ 1ರಿಂದ ರದ್ದಾಗಿದೆ. ನ್ಯೂಜೆರ್ಸಿಯಲ್ಲಿರುವ ನನ್ನ ನಾದಿನಿ ಪ್ರೀತಿಯಿಂದ ಕಳಿಸಿದ ದೊಡ್ಡ ಪೆಟ್ಟಿಗೆಯ ಮೌಲ್ಯ ಆ 45ರ ಮಿತಿಯನ್ನು ದಾಟಿತ್ತು. ಮಾಲಿನ ಬೆಲೆಗೆ ಸಾಗಣೆ ವೆಚ್ಚವನ್ನೂ ಕೂಡಿಸಿ ತೆರಿಗೆ ಹಾಕುತ್ತಾರೆ, ಅದರ ಮೇಲೆ ಕೊರಿಯರ್‌ನವರು ತಮ್ಮ ಕಾಗದಪತ್ರದ ಶುಲ್ಕವನ್ನು ಬೇರೆ ಸೇರಿಸುತ್ತಾರೆ. ಬಿಲ್ ನೋಡಿದ ಯಜಮಾನರು, “ಇಷ್ಟು ದುಡ್ಡಿಗೆ ನಿನ್ನ ನಾದಿನಿಯೇ ಬಂದುಹೋಗಬಹುದಿತ್ತಲ್ಲೇ” ಎಂದರು. ಅದು ಉತ್ಪ್ರೇಕ್ಷೆ, ಆದರೆ ಆಮೇಲೆ ನಾವು ಪಾರ್ಸೆಲ್ ತರಿಸಿಲ್ಲ.

ಇನ್ನು ಮೂರನೆಯ ದಾರಿ. ಇದರಲ್ಲಿ ಎಲ್ಲವೂ ಸಲೀಸಾಗಿದೆ ಎಂದು ಹೇಳಿದರೆ ಓದುಗರಿಗೆ ಮೋಸ ಮಾಡಿದಂತಾಗುತ್ತದೆ. ಇಲ್ಲಿನ ಒಂದೇ ಒಂದು ತೊಡಕು ನನ್ನನ್ನು ಕಾಡಿದಷ್ಟು ಬೇರೆ ಯಾವುದೂ ಕಾಡಿಲ್ಲ, ಅದು ಬೇಕಿಂಗ್ ಪೌಡರ್.

ಇಟಲಿಯ ಸೂಪರ್‌ಮಾರ್ಕೆಟ್ಟಿನಲ್ಲಿ ಬೇಕಿಂಗ್ ಪೌಡರ್ ಡಬ್ಬಿಯಲ್ಲಿ ಸಿಗುವುದು ಅಪರೂಪ. 16 ಗ್ರಾಂ ತೂಕದ ಪುಟ್ಟ ಪೊಟ್ಟಣಗಳಲ್ಲಿ ಸಿಗುತ್ತದೆ; ಅರ್ಧ ಕಿಲೋ ಮೈದಾ ಹಿಟ್ಟಿನ ಕೇಕಿಗೆ ಒಂದು ಪೊಟ್ಟಣ ಎಂಬುದು ಇಲ್ಲಿನ ಲೆಕ್ಕ. ಇಟಲಿಯ ಗೃಹಿಣಿ ಇದನ್ನು ಬಳಸುವುದು ಸಿಹಿ ಕೇಕಿಗೇ ಆದ್ದರಿಂದ, ತಯಾರಕರು ಅದರೊಳಗೇ ವೆನಿಲ್ಲಾ ಪರಿಮಳವನ್ನೂ ಬೆರೆಸಿರುತ್ತಾರೆ. ಕೇಕ್ ಮಾಡುವವರಿಗೆ ಇದು ಉಪಕಾರವೇ. ಆದರೆ ಅಮೆರಿಕದ ದಕ್ಷಿಣ ರಾಜ್ಯಗಳವರು ಬೆಳಗಿನ ಹೊತ್ತು ಬೆಣ್ಣೆಯೊಡನೆ ಅಥವಾ ಸಾಸೇಜಿನ ಗ್ರೇವಿಯೊಡನೆ ತಿನ್ನುವ ಬಿಸ್ಕಟ್ ಇದೆಯಲ್ಲ, ಪದರ ಪದರವಾಗಿ ಬಿಡಿಸಿಕೊಳ್ಳುವ ಆ ಮೆತ್ತನೆಯ ಉಪ್ಪಿನ ಬನ್ನು, ಅದಕ್ಕೆ ವೆನಿಲ್ಲಾ ಕೂಡುವುದಿಲ್ಲ. ಅಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಅಮೆರಿಕದ ಪಾಕವಿಧಾನ ಎರಡು ಕಪ್, ಅಂದರೆ ಸುಮಾರು 250 ಗ್ರಾಂ ಹಿಟ್ಟಿಗೆ ಒಂದು ದೊಡ್ಡ ಚಮಚ ಬೇಕಿಂಗ್ ಪೌಡರ್ ಕೇಳುತ್ತದೆ. ಪೊಟ್ಟಣದ ಬಹುಪಾಲು ಅದಕ್ಕೇ ಮುಗಿಯಿತು. ಹೀಗೆ ಇಟಲಿಯ ಕೇಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಗಾಢವಾದ ವೆನಿಲ್ಲಾ ಆ ಉಪ್ಪಿನ ಬನ್ನಿನೊಳಗೆ ಇಳಿಯುತ್ತದೆ. ಓವನ್ ಬಾಗಿಲು ತೆರೆದರೆ ಮನೆಯೆಲ್ಲ ಐಸ್‌ಕ್ರೀಮ್ ಅಂಗಡಿಯ ವಾಸನೆ. ಮೆಣಸಿನ ಪುಡಿ ಉದುರಿಸಿದ ಬಿಳಿ ಗ್ರೇವಿಯನ್ನು ಅದರ ಮೇಲೆ ಸುರಿದು ಒಂದು ತುತ್ತು ತಿಂದ ಮಗಳು, “ಅಮ್ಮಾ, ಇದು ಬಿಸ್ಕಟ್ಟಾ, ಕೇಕಾ?” ಎಂದು ಕೇಳಿದಳು.

ಉಪ್ಪಿನ ತಿನಿಸಿಗೆಂದೇ ವೆನಿಲ್ಲಾ ಇಲ್ಲದ ಪೊಟ್ಟಣಗಳೂ ಇವೆ. ಅವು ಯೀಸ್ಟಿನ ಪೊಟ್ಟಣಗಳ ಪಕ್ಕದಲ್ಲಿ, ಹೆಚ್ಚುಕಡಿಮೆ ಅದೇ ಗಾತ್ರದಲ್ಲಿ ಇರುತ್ತವೆ. ನಮ್ಮ ಬೀದಿಯ ಅಂಗಡಿಯಲ್ಲಂತೂ ಒಂದು ವಾರ ಇದ್ದರೆ ಇನ್ನೊಂದು ವಾರ ಇರುವುದಿಲ್ಲ. ಕೊನೆಗೆ ನಂಬಿಕಸ್ಥ ಪರಿಹಾರವಾಗಿ ಉಳಿದದ್ದು ಕ್ರೀಮ್ ಆಫ್ ಟಾರ್ಟರ್. ದ್ರಾಕ್ಷಾರಸ ವೈನಾಗುವಾಗ ಪೀಪಾಯಿಯ ಗೋಡೆಗೆ ಅಂಟಿಕೊಳ್ಳುವ ಹರಳನ್ನು ಶುದ್ಧೀಕರಿಸಿ ಮಾಡುವ ಈ ಪುಡಿಗೆ ಇಟಲಿಯಲ್ಲಿ ಬರವೆಲ್ಲಿ? ಅದರ ಎರಡು ಭಾಗಕ್ಕೆ ಅಡುಗೆ ಸೋಡಾದ ಒಂದು ಭಾಗ ಸೇರಿಸಿದರೆ ಬೇಕಿಂಗ್ ಪೌಡರ್ ಸಿದ್ಧ. ಒಂದು ಎಚ್ಚರಿಕೆ ಬೇಕು. ಅಮೆರಿಕದ ಡಬ್ಬಿಯ ಪುಡಿ ಒಂದಷ್ಟು ಒದ್ದೆಯಾದಾಗ, ಉಳಿದದ್ದು ಬಿಸಿ ತಾಗಿದಾಗ ಉಬ್ಬುತ್ತದೆ. ಆದ್ದರಿಂದ ಹಿಟ್ಟು ಸ್ವಲ್ಪ ಹೊತ್ತು ಕಾದರೂ ಚಿಂತೆಯಿಲ್ಲ. ಮನೆಯ ಮಿಶ್ರಣ ಹಾಗಲ್ಲ, ಮಜ್ಜಿಗೆ ಬಿದ್ದ ತಕ್ಷಣ ಬುರುಗೆದ್ದು ತನ್ನ ಶಕ್ತಿಯನ್ನೆಲ್ಲ ಮುಗಿಸಿಕೊಳ್ಳುತ್ತದೆ. ಓವನ್ನನ್ನು 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿಟ್ಟುಕೊಂಡು, ಮನೆಯವರನ್ನೆಲ್ಲ ಎಬ್ಬಿಸಿದ ಮೇಲೆಯೇ ನಾನು ಹಿಟ್ಟಿಗೆ ಮಜ್ಜಿಗೆ ಹಾಕುತ್ತೇನೆ.

ಮಜ್ಜಿಗೆ ಎಂದೆ, ಬಿಸ್ಕಟ್ಟಿಗೂ ಕಾರ್ನ್‌ಬ್ರೆಡ್ಡಿಗೂ ಅಮೆರಿಕನ್ನರು ಕೇಳುವುದು ಅದನ್ನೇ, ಇಲ್ಲಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗದಿರುವುದೂ ಅದೇ. ಇಲ್ಲಿನ ಅಮೆರಿಕನ್ ಗೆಳತಿಯರು ಹಾಲಿಗೆ ನಿಂಬೆರಸ ಹಿಂಡಿ ಒಡೆಸಿಕೊಂಡು ಪೇಚಾಡುತ್ತಾರೆ. ಹೆಪ್ಪು ಹಾಕುವ ಮನೆಯಲ್ಲಿ ಹುಟ್ಟಿದವಳಿಗೆ ಈ ಕಷ್ಟವಿಲ್ಲ, ಹುಳಿ ಬಂದ ಮೊಸರನ್ನು ಕಡೆದರಾಯಿತು. ಕಾರ್ನ್‌ಬ್ರೆಡ್ಡಿಗೆ ಮುಸುಕಿನ ಜೋಳದ ಹಿಟ್ಟು ಹುಡುಕುವ ಅಗತ್ಯವೇ ಇಲ್ಲ, ಆ ಹಿಟ್ಟನ್ನೇ ಮುದ್ದೆಯಂತೆ ಬೇಯಿಸಿದ ಪೊಲೆಂತಾ ತಿನ್ನುವ ದೇಶವಿದು. ನುಣ್ಣಗಿನ ‘ಫಿಯೊರೆತ್ತೋ’ ಬೀಸಿನ ಹಿಟ್ಟನ್ನು ಕೊಳ್ಳಬೇಕು. ಮೊದಲೇ ಬೇಯಿಸಿ ಒಣಗಿಸಿದ ದಿಢೀರ್ ಪೊಲೆಂತಾ ತಂದರೆ ಬ್ರೆಡ್ ಅಂಟಂಟಾಗುತ್ತದೆ. ಈ ಒಂದು ತಿನಿಸಿನಲ್ಲಿ ರೋಮಿನ ನನ್ನ ಅಡುಗೆಮನೆ ನ್ಯೂಜೆರ್ಸಿಯದಕ್ಕಿಂತ ಮುಂದಿದೆ ಎಂದು ಧೈರ್ಯವಾಗಿ ಹೇಳಬಲ್ಲೆ.

ಬ್ರೌನ್ ಶುಗರ್ ವಿಷಯ. ಇಲ್ಲಿ ಸಾಮಾನ್ಯವಾಗಿ ಸಿಗುವ ಕಂದು ಸಕ್ಕರೆ ಒಣ ಹರಳು, ಅಮೆರಿಕದ್ದು ಒದ್ದೆ ಮರಳಿನಂತೆ ಹಿಡಿಗೆ ಕಟ್ಟುವಂಥದ್ದು. ಸಾವಯವ ಅಂಗಡಿಗಳಲ್ಲಿ ಕಾಕಂಬಿಯ ಬಾಟಲಿ ಸಿಗುತ್ತದೆ. 200 ಗ್ರಾಂ ಬಿಳಿ ಸಕ್ಕರೆಗೆ ಒಂದು ದೊಡ್ಡ ಚಮಚ ಕಾಕಂಬಿ ಹಾಕಿ ಬೆರಳಿನಿಂದ ತಿಕ್ಕಿದರೆ ಅದೇ ಹದ ಬರುತ್ತದೆ. ಚಾಕೊಲೇಟ್ ಚಿಪ್ ಕುಕ್ಕಿಗೆ ಬೆಲ್ಲದ ಪುಡಿಯನ್ನೂ ಹಾಕಿ ನೋಡಿದ್ದೇನೆ. ಕುಕ್ಕಿ ರುಚಿಯಾಗಿತ್ತು, ಆದರೆ ಮಗಳ ಪ್ರಕಾರ ಅದು ಅಜ್ಜಿಯ ಮನೆಯ ಕುಕ್ಕಿ, ಅಮೆರಿಕದ್ದಲ್ಲ.

ಅಮೆರಿಕನ್ನರು ತಮ್ಮದಾಗಿಸಿಕೊಂಡಿರುವ ಮೆಕ್ಸಿಕೋದ ತಾಕೋ, ಅಂದರೆ ಮಡಿಸಿದ ರೊಟ್ಟಿಯೊಳಗೆ ಮಾಂಸ ಅಥವಾ ತರಕಾರಿ ತುಂಬಿದ್ದು, ಅದನ್ನು ತಿನ್ನುವ ಆಸೆಗೆ ರೋಮಿನಲ್ಲಿ ಎಸ್ಕ್ವಿಲಿನೋ ಮಾರುಕಟ್ಟೆಯೇ ಗತಿ. ತೆರ್ಮಿನಿ ರೈಲು ನಿಲ್ದಾಣದಿಂದ ನಡೆದುಹೋಗುವಷ್ಟು ದೂರದಲ್ಲಿರುವ ಈ ಒಳಾಂಗಣ ಮಾರುಕಟ್ಟೆಯಲ್ಲಿ ಕೊತ್ತಂಬರಿ ಸೊಪ್ಪಿನ ಕಟ್ಟು, ಹಸಿಮೆಣಸಿನಕಾಯಿ, ಗೆಣಸು, ಬೆಂಡೆ, ಬಾಳೆಕಾಯಿ ಎಲ್ಲವೂ ಇವೆ, ಬಾಂಗ್ಲಾದೇಶದ ವ್ಯಾಪಾರಿಗಳು ಹಿಂದಿಯಲ್ಲೇ ಮಾತಾಡಿಸುತ್ತಾರೆ. ಅಮೆರಿಕದ ರುಚಿಯನ್ನು ಹುಡುಕಿಕೊಂಡು ಹೋದವಳು ಅದೇ ಚೀಲದಲ್ಲಿ ಸಾಂಬಾರಿನ ತರಕಾರಿಯನ್ನೂ ಹೊತ್ತು ತರುವುದರಿಂದ ನನಗೆ ಒಂದೇ ಕಲ್ಲಿಗೆ ಎರಡು ಹಕ್ಕಿ. ತಾಕೋ ರೊಟ್ಟಿಯ ಹಿಟ್ಟನ್ನು ಕೊಳ್ಳುವಾಗ ಮಾತ್ರ ಪೊಟ್ಟಣವನ್ನು ಓದಬೇಕು. ದಕ್ಷಿಣ ಅಮೆರಿಕದವರು ಅರೆಪಾ ಎಂಬ ದಪ್ಪ ರೊಟ್ಟಿಗೆ ಬಳಸುವ, ಬೇಯಿಸಿ ಒಣಗಿಸಿದ ಹಿಟ್ಟು ಬೇರೆ. ಸುಣ್ಣದ ನೀರಿನಲ್ಲಿ ಬೇಯಿಸಿದ ಮುಸುಕಿನ ಜೋಳದಿಂದ ಮಾಡುವ ಮೆಕ್ಸಿಕೋದ ಹಿಟ್ಟು ಬೇರೆ. ಮೊದಲನೆಯದರಲ್ಲಿ ತಾಕೋದ ಆ ಪರಿಮಳ ಬರುವುದೇ ಇಲ್ಲ.

ಚಿಕ್ಕಪುಟ್ಟವನ್ನು ಬೇಗ ಮುಗಿಸುತ್ತೇನೆ. ಮೇಪಲ್ ಸಿರಪ್ ಈಗ ಸಾಮಾನ್ಯ ಸೂಪರ್‌ಮಾರ್ಕೆಟ್ಟಿನಲ್ಲೇ ಇದೆ. ಅಮೆರಿಕದ ಚೆಡ್ಡರ್ ಚೀಸ್ ಬದಲಿಗೆ ಐರ್ಲೆಂಡಿನ ಚೆಡ್ಡರ್ ಸಿಗುತ್ತದೆ, ಅದು ಅಮೆರಿಕದ್ದಕ್ಕಿಂತ ಮೇಲು. ಬಳೆಯಾಕಾರದ ಬ್ರೆಡ್ಡಾದ ಬೇಗಲ್ಲಿಗೆ ಇಲ್ಲಿನ ‘ಮನಿತೋಬಾ’ ಎಂಬ ಹೆಚ್ಚು ಜಿಗುಟಿನ ಗೋಧಿ ಹಿಟ್ಟು ಹೇಳಿ ಮಾಡಿಸಿದ್ದು. ಗ್ರಹಾಂ ಕ್ರ್ಯಾಕರ್ ಬೇಕಾದಲ್ಲಿ ಡೈಜೆಸ್ಟಿವ್ ಬಿಸ್ಕತ್ತು ಸಾಕು. ಪೀನಟ್ ಬಟರ್ ಒಂದರಲ್ಲಿ ಮಾತ್ರ ನಾನು ಸೋತಿದ್ದೇನೆ: ಮಿಕ್ಸಿಯಲ್ಲಿ ರುಬ್ಬಿದ ಕಡಲೆಕಾಯಿ ನನಗೆ ಹಿಡಿಸುತ್ತದೆ, ಎಣ್ಣೆ ತೇಲದ, ಸಿಹಿ ಬೆರೆತ ಅಮೆರಿಕದ ಡಬ್ಬಿಯೇ ಮಗಳಿಗೆ ಬೇಕು; ಅದನ್ನು ಆಮದು ಅಂಗಡಿಯಿಂದಲೇ ತರುತ್ತೇವೆ.

ನನ್ನ ಆಯ್ಕೆಗೆ ನನ್ನ ದಿನಚರಿಯೂ ಕಾರಣ ಎಂಬುದನ್ನು ಮರೆಮಾಚುವುದಿಲ್ಲ. ನಾನು ಹೊರಗೆ ದುಡಿಯಲು ಹೋಗುವುದಿಲ್ಲ, ಮಾರುಕಟ್ಟೆ ತೆರೆದಿರುವ ಬೆಳಗಿನ ಹೊತ್ತು ನನ್ನ ಕೈಯಲ್ಲಿರುತ್ತದೆ, ಹಿಟ್ಟು ಕಲಸುವುದು ನನಗೆ ಬೇಸರದ ಕೆಲಸವೂ ಅಲ್ಲ. ಒಂದು ವರ್ಷದ ಮಟ್ಟಿಗೆ ಓದಲು ಬಂದ ವಿದ್ಯಾರ್ಥಿಗೆ, ಎರಡು ಬರ್ನರಿನ ಬಾಡಿಗೆ ಕೋಣೆಯಲ್ಲಿರುವವರಿಗೆ ನಾನು ಆಮದು ಅಂಗಡಿಯನ್ನೇ ತೋರಿಸುತ್ತೇನೆ. ಅಮೆರಿಕಕ್ಕೆ ಹೇಗೂ ಹೋಗಿಬರುವವರಾದರೆ ಸೂಟ್‌ಕೇಸಿನಲ್ಲಿ ಸುಮಾರು 230 ಗ್ರಾಂ ತೂಕದ ಬೇಕಿಂಗ್ ಪೌಡರ್ ಡಬ್ಬಿಗಳನ್ನೂ ಒಂದು ಸೆಟ್ ಅಳತೆಯ ಕಪ್ಪುಗಳನ್ನೂ ತಂದರೆ ಸಾಕು. ಬೇರೆ ಯಾವುದೂ ಆ ಜಾಗಕ್ಕೆ ಯೋಗ್ಯವಲ್ಲ.

ಉಳಿದದ್ದು ಥ್ಯಾಂಕ್ಸ್‌ಗಿವಿಂಗ್, ಟರ್ಕಿ ಕೋಳಿ ಮತ್ತು ಪಂಪ್‌ಕಿನ್ ಪೈ ಮಾಡುವ ಅಮೆರಿಕನ್ನರ ಹಬ್ಬ. ನವೆಂಬರಿನ ನಾಲ್ಕನೆಯ ಗುರುವಾರ ಇಟಲಿಯಲ್ಲಿ ಎಲ್ಲ ಗುರುವಾರಗಳಂತೆ ಕೆಲಸದ ದಿನ, ಹಾಗಾಗಿ ನಾವು ಅದನ್ನು ಶನಿವಾರಕ್ಕೆ ತಳ್ಳುತ್ತೇವೆ. ಪೈಗೆ ಡಬ್ಬಿಯ ಕುಂಬಳಕಾಯಿಯ ತಿರುಳನ್ನು ಆಮದು ಅಂಗಡಿಯಿಂದಲೂ ತಂದು ನೋಡಿದ್ದೇನೆ, ಇಲ್ಲಿನ ‘ದೆಲಿಕಾ’ ಕುಂಬಳವನ್ನು ಸುಟ್ಟು ತಿರುಳು ತೆಗೆದೂ ಮಾಡಿದ್ದೇನೆ. ದೆಲಿಕಾದ ತಿರುಳಿನಲ್ಲಿ ನೀರು ಕಡಿಮೆ, ಸಿಹಿ ಹೆಚ್ಚು. ಸಕ್ಕರೆಯನ್ನು ತಗ್ಗಿಸಿ ತಾಜಾ ಕೆನೆಯನ್ನು ಸ್ವಲ್ಪ ಹೆಚ್ಚಿಸಿದರೆ ಡಬ್ಬಿಯದ್ದು ಅದರ ಹತ್ತಿರವೂ ಸುಳಿಯುವುದಿಲ್ಲ. ಟರ್ಕಿ ಕೋಳಿಯ ಕಥೆ ಬೇರೆ. ಇಟಲಿಯವರು ಅದನ್ನು ಕೊಳ್ಳುವುದು ಹೆಚ್ಚಾಗಿ ತೆಳ್ಳಗೆ ಹೆಚ್ಚಿದ ಎದೆಮಾಂಸವಾಗಿ, ಇಡಿಯ ಹಕ್ಕಿ ಬೇಕೆಂದರೆ ಮಾಂಸದಂಗಡಿಯವನಿಗೆ ಮೊದಲೇ ಹೇಳಿಡಬೇಕು. ಹೇಳಿಟ್ಟು ತಂದರೂ ನಮ್ಮ ಫ್ಲಾಟಿನ ಓವನ್ ಅದಕ್ಕೆ ಚಿಕ್ಕದು. ಅದೂ ಅಲ್ಲದೆ ಇಲ್ಲಿನ ಬಹುತೇಕ ಮನೆಗಳಂತೆ ನಮ್ಮದೂ 3 ಕಿಲೋವ್ಯಾಟಿನ ವಿದ್ಯುತ್ ಸಂಪರ್ಕ. ಓವನ್ ಗಂಟೆಗಟ್ಟಲೆ ಉರಿಯುತ್ತಿರುವಾಗ ಯಾರಾದರೂ ವಾಷಿಂಗ್ ಮೆಷಿನ್ ಹಾಕಿದರೆ ಮೀಟರ್ ಟ್ರಿಪ್ ಆಗಿ ಮನೆಯೆಲ್ಲ ಕತ್ತಲೆ. ಈ ಸಲ ಇಡೀ ಹಕ್ಕಿಯ ಗೊಡವೆಯೇ ಬೇಡವೆಂದು ಮೂಳೆ ಸಹಿತ ಎದೆಭಾಗವೊಂದನ್ನೇ, ಚರ್ಮ ತೆಗೆಯದೆ ಕೊಡುವಂತೆ ಹೇಳಿದ್ದೇನೆ. ಚರ್ಮ ಬಿಡಬೇಕೆನ್ನುವುದನ್ನು ಮಾಂಸದಂಗಡಿಯವನು ಎರಡೆರಡು ಸಲ ಕೇಳಿ ಖಚಿತಪಡಿಸಿಕೊಂಡು ಚೀಟಿಯಲ್ಲಿ ಬರೆದುಕೊಂಡಿದ್ದಾನೆ.