500 ಜನರ ಮೀಟಿಂಗ್ ಲೈಸೆನ್ಸ್ 1,800 ರೂಪಾಯಿಗೆ ಅಂದ್ರೆ ದೂರ ಇರಿ

ಆಟಿ ತಿಂಗಳ ಮಳೆ. ಸಂಗಮ ತುಂಬಿ ಕೊಡಗಿನ ಭಾಗಮಂಡಲದ ರಸ್ತೆಗೆ ನೀರು ಬಂದಿತ್ತು. ನಮ್ಮ ಐನ್‌ಮನೆ, ಅಂದರೆ ಮನೆತನದ ಮೂಲಮನೆ, ಅದರಾಚೆ. ಮನೆತನದ ಮಹಾಸಭೆ ಈ ಸಲ ಆನ್‌ಲೈನಲ್ಲೇ ಆಗಲಿ ಅಂದ ದೊಡ್ಡಪ್ಪ, "ಕಂಪ್ಯೂಟರ್ ಗೊತ್ತಿರುವವ ನೀನೇ ಅಲ್ವಾ, ನೋಡ್ಕೊ" ಎಂದು ನನ್ನ ತಲೆಗೆ ಕಟ್ಟಿದರು. ಐನ್‌ಮನೆಯ ಮಾಡು ರಿಪೇರಿ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗದ ಪಹಣಿಗೆ ಯಾರ್ಯಾರ ಹೆಸರು ಸೇರಬೇಕು ಅನ್ನುವುದು. ವಿಷಯ ಎರಡೇ, ಆದರೆ ಮೂರು ಗಂಟೆಗಿಂತ ಮೊದಲು ಮುಗಿಯುವಂಥದ್ದಲ್ಲ. ಬರುತ್ತೇವೆ ಅಂದವರು 180 ಜನ.

ಪುಕ್ಕಟೆ ಆ್ಯಪ್‌ಗಳು ಕೈಕೊಡುವುದು ಇಲ್ಲೇ. ಝೂಮ್‌ನಲ್ಲಿ 100 ಜನ, 40 ನಿಮಿಷ. ಗೂಗಲ್ ಮೀಟ್, ಮೈಕ್ರೋಸಾಫ್ಟ್ ಟೀಮ್ಸ್ ಎರಡರಲ್ಲೂ 100 ಜನ, 60 ನಿಮಿಷ. ದುಡ್ಡು ಕೊಟ್ಟರೆ ಸರಿಹೋಗುತ್ತದೆ ಅಂದುಕೊಂಡಿದ್ದೆ. ಝೂಮ್ ಪ್ರೊ ತಗೊಂಡರೆ ಸಮಯ ಹೆಚ್ಚುತ್ತದೆ, ತಲೆ ಎಣಿಕೆ ಮಾತ್ರ ಅದೇ 100. 300 ಬೇಕಿದ್ದರೆ ಬಿಸಿನೆಸ್ ಪ್ಲಾನ್, 500 ಅಥವಾ 1,000 ಅಂದರೆ ಬೇರೆಯೇ ಆಡ್-ಆನ್. ಮೀಟ್‌ಗೆ ದುಡ್ಡಿನ ಪ್ಲಾನ್ ಸಿಗುವ ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಬಿಸಿನೆಸ್ ಸ್ಟಾರ್ಟರ್‌ಗೆ 100, ಸ್ಟ್ಯಾಂಡರ್ಡ್‌ಗೆ 150, ಪ್ಲಸ್‌ಗೆ 500. ವರ್ಷಕ್ಕೊಂದು ಸಭೆಗೆ ಇಷ್ಟೆಲ್ಲಾ ಸುರಿಯಬೇಕಾ ಅಂತ ನಮ್ಮ ಖಜಾಂಚಿ ಭಾವ ಮುಖ ಕಿವುಚಿದರು.

ಆಗ ಕಣ್ಣಿಗೆ ಬಿತ್ತು ಆ ಜಾಹೀರಾತು. 500 ಜನ, ಟೈಮ್ ಲಿಮಿಟ್ ಇಲ್ಲ, ವರ್ಷಕ್ಕೆ 1,800 ರೂಪಾಯಿ. ಹೆಸರಾಂತ ಆ್ಯಪ್‌ನ ಲೈಸೆನ್ಸೇ, ನಡುವೆ ಒಬ್ಬ ಮಾರುವವ. ಬಿಲ್ ಕೇಳಿದೆ. "ಜಿಎಸ್‌ಟಿ ಬಿಲ್ ಬೇಕಿದ್ರೆ 18 ಪರ್ಸೆಂಟ್ ಎಕ್ಸ್‌ಟ್ರಾ ಆಗುತ್ತೆ ಸಾರ್" ಅಂದ. ಅಲ್ಲೇ ಬಿಟ್ಟುಬಿಡಬೇಕಿತ್ತು. 324 ರೂಪಾಯಿ ಉಳಿಯಿತಲ್ಲ ಅಂತ ಖುಷಿಪಟ್ಟ ಬುದ್ಧಿವಂತ ನಾನು.

ದುಡ್ಡು ಹಾಕಿದ ಹತ್ತು ನಿಮಿಷಕ್ಕೆ ಒಂದು ಇಮೇಲ್ ಐಡಿ, ಪಾಸ್‌ವರ್ಡ್ ಬಂತು. ಐಡಿ ನನ್ನದಲ್ಲ, ಅವನದೇ ಯಾವುದೋ. ಲಾಗಿನ್ ಆಗುವಾಗ ಒಟಿಪಿ ಕೇಳಿತು. ಅದೂ ಅವನಿಗೇ ಹೋಗಿ, ಅವನು ವಾಟ್ಸಾಪ್‌ನಲ್ಲಿ ಕಳಿಸಿದ. ಹಿಂದಿನ ದಿನ ನಾನು, ಭಾವ, ಮೈಸೂರಿನ ತಂಗಿ ಮೂವರೂ ಸೇರಿ ಟೆಸ್ಟ್ ಮಾಡಿದೆವು. ಸೊಗಸಾಗಿ ನಡೆಯಿತು. ಮೂರು ಜನಕ್ಕೆ ಯಾವುದು ತಾನೆ ನಡೆಯುವುದಿಲ್ಲ!

ಭಾನುವಾರ ಹತ್ತೂವರೆಗೆ ಶುರು. ಕರೆಂಟ್ ಇಲ್ಲ, ರೂಟರ್ ಇನ್ವರ್ಟರ್ ಮೇಲೆ. 130ರ ಮೇಲೆ ಜನ ಬಂದಿದ್ದರು. ದೊಡ್ಡಪ್ಪ ಐನ್‌ಮನೆಯ ಜಗಲಿಯಲ್ಲಿ, ಸಿಗ್ನಲ್ ಸಿಗುವ ಒಂದೇ ಒಂದು ಮೂಲೆಯಲ್ಲಿ ಮೊಬೈಲನ್ನು ಒಳ್ಳೆಮೆಣಸಿನ ಡಬ್ಬಕ್ಕೆ ಒರಗಿಸಿ ಕೂತಿದ್ದರು. ನಮಗೆ ಕಾಣುತ್ತಿದ್ದುದು ಅವರ ಮೂಗು, ಅದರ ಮೇಲೆ ಗೆದ್ದಲು ತಿಂದ ಜಂತಿ. ಒಂದು ಲೆಕ್ಕದಲ್ಲಿ ಅಷ್ಟು ಕಂಡರೆ ಸಾಕಿತ್ತು, ಅವರು ಹೇಳುತ್ತಿದ್ದುದೂ ಆ ಜಂತಿಯ ಕಥೆಯನ್ನೇ. ಹನ್ನೊಂದು ಇಪ್ಪತ್ತಕ್ಕೆ "ಹಾಗಾಗಿ ಮನೆಗೆ ಎಷ್ಟು ಹಾಕ್ಬೇಕು ಅಂದ್ರೆ" ಅನ್ನುವಷ್ಟರಲ್ಲಿ ಸ್ಕ್ರೀನ್ ಖಾಲಿ. ಹೋಸ್ಟ್ ಮೀಟಿಂಗ್ ಮುಗಿಸಿದ್ದಾರೆ ಅಂತ ಬಂತು. ಹೋಸ್ಟ್ ನಾನೇ, ನಾನು ಏನೂ ಒತ್ತಿರಲಿಲ್ಲ.

"ದುಡ್ಡಿನ ಮಾತು ಬಂದ ಕೂಡಲೇ ಕಟ್ ಮಾಡಿದ್ಯಲ್ಲಾ ಮಾರಾಯ" ಅಂತ ವಿರಾಜಪೇಟೆಯಿಂದ ಚಿಕ್ಕಪ್ಪನ ಫೋನ್.

ಮತ್ತೆ ಲಾಗಿನ್ ಆದೆ. ನಿಮ್ಮ ಖಾತೆಯಲ್ಲಿ ಇನ್ನೊಂದು ಮೀಟಿಂಗ್ ನಡೆಯುತ್ತಿದೆ, ಅದನ್ನು ಮುಗಿಸಿ ಇದನ್ನು ಶುರು ಮಾಡಬೇಕೇ ಅಂತ ಕೇಳಿತು. ಆಗ ತಲೆಗೆ ಹೋಯಿತು. ಒಂದೇ ಲೈಸೆನ್ಸನ್ನು ಅವನು ಎಷ್ಟೋ ಜನರಿಗೆ ಮಾರಿದ್ದಾನೆ. ಆ ಖಾತೆಯಲ್ಲಿ ಒಂದು ಹೊತ್ತಿಗೆ ನಡೆಯುವುದು ಒಂದೇ ಸಭೆ. ಇನ್ನೊಬ್ಬ ಗಿರಾಕಿ ತನ್ನದನ್ನು ಶುರು ಮಾಡಲು ನಮ್ಮದನ್ನು ಮುಗಿಸಿದ್ದಾನೆ. ನಾನೂ ಹೌದು ಅಂತ ಒತ್ತಿದೆ. ಆರು ನಿಮಿಷಕ್ಕೆ ಅವನು ಮತ್ತೆ ಒತ್ತಿದ. ಮೂರನೇ ಸಲ ದೊಡ್ಡಪ್ಪನೇ "ಸಾಕು ಬಿಡು" ಅಂದರು.

ಮುಂದಿನ ತಿಂಗಳು ಮಾಡಿದ್ದು ಇಷ್ಟು. ಕಂಪನಿಯ ವೆಬ್‌ಸೈಟಿಗೇ ಹೋಗಿ, ನಮ್ಮ ಮನೆತನದ ಸಂಘದ ಇಮೇಲ್‌ನಲ್ಲಿ, ಬಿಲ್ ಸಮೇತ ಒಂದೇ ಒಂದು ತಿಂಗಳ 100 ಜನರ ಪ್ಲಾನ್ ತಗೊಂಡೆವು. ಅದೇ ದಿನ ಆಟೋ ರಿನ್ಯೂವಲ್ ಆಫ್ ಮಾಡಿದೆವು. (ಮರೆತರೂ ದುಡ್ಡು ಕಡಿತವಾಗುವ 24 ಗಂಟೆ ಮೊದಲು ಬ್ಯಾಂಕಿನಿಂದ ಮೆಸೇಜ್ ಬರಬೇಕು, ಅದನ್ನು ಓದದೆ ಅಳಿಸಬೇಡಿ.) 180 ಜನಕ್ಕೆ 100 ಹೇಗೆ ಸಾಲುತ್ತದೆ ಅಂದರೆ, ಈ ಆ್ಯಪ್‌ಗಳು ಎಣಿಸುವುದು ಮನುಷ್ಯರನ್ನಲ್ಲ, ಸೇರಿಕೊಂಡ ಮೊಬೈಲು, ಲ್ಯಾಪ್‌ಟಾಪುಗಳನ್ನು. ಹಿಂದಿನ ಸಲ ಒಂದೇ ಮನೆಯಲ್ಲಿ ಗಂಡ ಜಗಲಿಯಿಂದ, ಹೆಂಡತಿ ಅಡುಗೆಮನೆಯಿಂದ, ಮಗ ಮಹಡಿಯಿಂದ ಸೇರಿಕೊಂಡಿದ್ದರು. ಈ ಸಲ ಮನೆಗೊಂದೇ ಅಂದೆವು. ಬೆಂಗಳೂರಿನವರು ನಾಲ್ಕು ಮನೆಗಳಲ್ಲಿ ಟಿವಿ ಮುಂದೆ ಕೂತರು. ಲೆಕ್ಕ ಹಾಕಿದರೆ ಒಟ್ಟು 62 ಕನೆಕ್ಷನ್. ಹಳ್ಳಿಯಲ್ಲಿ ಮೊಬೈಲ್ ಡೇಟಾದ ಮೇಲಿರುವವರು ವೀಡಿಯೊ ಆಫ್ ಮಾಡಿ ದನಿ ಮಾತ್ರ ಇಟ್ಟುಕೊಂಡರು, ಇಲ್ಲದಿದ್ದರೆ ದಿನದ 1.5 ಜಿಬಿ ಮಧ್ಯಾಹ್ನದೊಳಗೇ ಖಾಲಿ.

ಕೇಳುವವರೇ ಹೆಚ್ಚು, ಮಾತಾಡುವವರು ನಾಲ್ಕೇ ಜನ ಅಂದರೆ ಯೂಟ್ಯೂಬ್ ಲೈವ್ ಸಾಕು, ಅಲ್ಲಿ 100ರ ಗೋಳಿಲ್ಲ. ಆದರೆ ಸಭೆಯ ಬೆಳಗ್ಗೆ ಎದ್ದು ಚಾನೆಲ್ ಮಾಡಲು ಹೋಗಬೇಡಿ. ಮೊದಲ ಸಲ ಲೈವ್ ಸೌಲಭ್ಯ ಸಿಗಲು 24 ಗಂಟೆವರೆಗೆ ಹಿಡಿಯುತ್ತದೆ. ಮೊಬೈಲಿನಿಂದಲೇ ಲೈವ್ ಹೋಗಬೇಕಿದ್ದರೆ 50 ಸಬ್‌ಸ್ಕ್ರೈಬರ್‌ಗಳೂ ಬೇಕು.

1,800 ಹೋಯಿತು, ಹೋಗಲಿ. ನನ್ನ ಹೊಟ್ಟೆ ಉರಿಯುವುದು ಬೇರೆಯದಕ್ಕೆ. ದುಬೈಯವರು ಆಮೇಲೆ ನೋಡುತ್ತೇವೆ ಅಂದಿದ್ದಕ್ಕೆ ಆ ಭಾನುವಾರ ಕ್ಲೌಡ್ ರೆಕಾರ್ಡಿಂಗ್ ಹಾಕಿದ್ದೆ. ಸಂಜೆ ಆ ಖಾತೆಯ ರೆಕಾರ್ಡಿಂಗ್ ಪಟ್ಟಿ ತೆರೆದರೆ ಅದರಲ್ಲಿ ಯಾರದೋ ಫಿಸಿಕ್ಸ್ ಕೋಚಿಂಗ್, ಯಾವುದೋ ಆಫೀಸಿನ ಸೇಲ್ಸ್ ಮೀಟಿಂಗ್, ನಡುವೆ ನಮ್ಮ ಮನೆತನದ್ದು. ಅವರದು ನನಗೆ ಕಾಣುತ್ತದೆ ಅಂದಮೇಲೆ ನಮ್ಮದು ಅವರೆಲ್ಲರಿಗೂ ಕಾಣುತ್ತದೆ. ಭಾವ ಸಂಘದ ಪಾಸ್‌ಬುಕ್ಕನ್ನು ಕ್ಯಾಮೆರಾಕ್ಕೆ ಹಿಡಿದಿದ್ದರು. ಅತ್ತೆ ಸರ್ವೆ ನಂಬರ್‌ಗಳನ್ನು ಒಂದೊಂದಾಗಿ ಓದಿದ್ದರು. ಗಡಿಬಿಡಿಯಲ್ಲಿ ಡಿಲೀಟ್ ಮಾಡಿದೆ. ಆಮೇಲೆ ಗೊತ್ತಾಯಿತು, ಡಿಲೀಟ್ ಮಾಡಿದ್ದು 30 ದಿನ ಟ್ರ್ಯಾಶ್‌ನಲ್ಲೇ ಕೂತಿರುತ್ತದೆ, ಆ ಖಾತೆ ಇದ್ದವರು ಅದನ್ನು ವಾಪಸ್ ತರಬಹುದು. ಟ್ರ್ಯಾಶ್ ಖಾಲಿ ಮಾಡೋಣ ಅಂತ ಹೋದರೆ ಪಾಸ್‌ವರ್ಡ್ ಬದಲಾಗಿತ್ತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಮಾರಿದವನಿಗೆ ಕಳಿಸಿದ ಮೆಸೇಜಿಗೆ ಇವತ್ತಿಗೂ ಒಂದೇ ಟಿಕ್.