ಡ್ರಮ್ಮೋ, ಸಂಪೋ? ಕಡೂರಿನ ನಮ್ಮ ಮನೆಯ ಎರಡು ಮಳೆಗಾಲ

ಚಿಕ್ಕಮಗಳೂರು ಜಿಲ್ಲೆ ಅಂದರೆ ಎಲ್ಲರಿಗೂ ಮಲೆನಾಡಿನ ಮಳೆಯೇ ನೆನಪಾಗುತ್ತದೆ. ಆದರೆ ನಮ್ಮ ಕಡೂರು ಬಯಲುಸೀಮೆ. ಇಲ್ಲಿ ಒಂದು ದಿನ ಧೋ ಅಂತ ಸುರಿದರೆ, ಆಮೇಲೆ ಎರಡು ವಾರ ಆಕಾಶ ಬೋಳು. ನಮ್ಮ ಬೋರ್ ನೀರು ಗಡಸು. ಎಷ್ಟು ಕೂಗಿಸಿದರೂ ತೊಗರಿಬೇಳೆ ನುಣ್ಣಗೆ ಬೇಯುತ್ತಿರಲಿಲ್ಲ. ಹಾಗಾಗಿ ಮಳೆನೀರು ಹಿಡಿಯಲು ಶುರು ಮಾಡಿದೆವು.

ಮೊದಲ ವರ್ಷ 200 ಲೀಟರಿನ ಮೂರು ನೀಲಿ ಡ್ರಮ್ ಇಟ್ಟೆವು. ಕೆಮಿಕಲ್ ತುಂಬಿದ್ದವು ಬೇಡ ಅಂತ ಕೇಳಿ ತಂದಿದ್ದು. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ನಮ್ಮ ತಾರಸಿ 80 ಚದರ ಮೀಟರ್. ಅಂದರೆ 10 ಮಿ.ಮೀ. ಮಳೆಗೇ ಮೂರೂ ಡ್ರಮ್ ತುಂಬಿ, ಉಳಿದದ್ದು ಚರಂಡಿಗೆ ಹರಿಯಿತು. ನೋಡಿ ಹೊಟ್ಟೆ ಉರಿಯಿತು.

ಇನ್ನೊಂದು ತೊಂದರೆ ಸೊಳ್ಳೆ. ಡೆಂಗಿ ಹರಡುವ ಸೊಳ್ಳೆಗೆ ಇಂಥ ತಿಳಿನೀರೇ ಬೇಕು. ಒಂದು ವಾರ ಮುಚ್ಚಳ ಸರಿಯಾಗಿ ಹಾಕಿರಲಿಲ್ಲ, ನೀರಿನ ತುಂಬಾ ಮರಿಹುಳ. ಆಮೇಲೆ ಹಳೇ ಪಂಚೆಯನ್ನು ಎರಡು ಮಡಿಕೆ ಮಾಡಿ ಬಾಯಿಗೆ ಬಿಗಿಯಾಗಿ ಕಟ್ಟಿದೆವು. ಡ್ರಮ್ಮನ್ನು ಇಟ್ಟಿಗೆ ಮೇಲೆ ಎತ್ತರಿಸಿಡಿ, ನಲ್ಲಿಯ ಕೆಳಗೆ ಕೊಡ ಹಿಡಿಸಬೇಕು.

ಎರಡನೇ ವರ್ಷ ಸಂಪು ಕಟ್ಟಿಸಿದೆವು. 2 ಮೀಟರ್ ಉದ್ದ, 2 ಮೀಟರ್ ಅಗಲ, ಒಂದೂವರೆ ಮೀಟರ್ ಆಳ, 6,000 ಲೀಟರ್. ಖರ್ಚು ಡ್ರಮ್ಮಿಗಿಂತ ಎಷ್ಟೋ ಪಟ್ಟು ಜಾಸ್ತಿ. ಮೊದಲ ಮಳೆಯ ನೀರನ್ನು ಹಾಗೇ ಒಳಗೆ ಬಿಟ್ಟು ತಪ್ಪು ಮಾಡಿದೆವು. ತಾರಸಿಯ ಧೂಳು, ಪಾರಿವಾಳದ ಹಿಕ್ಕೆ, ಒಣ ಎಲೆ ಎಲ್ಲಾ ಸೇರಿ ನೀರು ಟೀ ಬಣ್ಣಕ್ಕೆ ತಿರುಗಿತು. ಪೂರ್ತಿ ಖಾಲಿ ಮಾಡಿ ಉಜ್ಜಬೇಕಾಯಿತು. ಈಗ ಪೈಪಿಗೆ ವಾಲ್ವ್ ಇದೆ. ಮೊದಲ ಹತ್ತು ನಿಮಿಷದ ನೀರು ಹೊರಗೆ, ಆಮೇಲಿನದು ಜಲ್ಲಿ, ಮರಳು, ಇದ್ದಿಲಿನ ಮೂಲಕ ಸಂಪಿಗೆ. ಒಳಗೆ ಬೆಳಕು ಬೀಳುವುದಿಲ್ಲ, ಹಾಗಾಗಿ ಪಾಚಿ ಕಟ್ಟುವುದಿಲ್ಲ. ಕುಡಿಯುವ ನೀರನ್ನು ಮಾತ್ರ ಕುದಿಸಿಯೇ ಬಳಸುತ್ತೇವೆ. ಬೇಳೆ? ಎರಡೇ ವಿಸಿಲ್‌ಗೆ ಬೆಣ್ಣೆ!

ಸಂಪು ತುಂಬಿದ ಮೇಲೆ ಹೆಚ್ಚಾದ ನೀರಿಗೆ ಇಂಗುಗುಂಡಿ ತೋಡಿಸಿದ್ದೇವೆ. ಅದರಿಂದ ಬೋರ್‌ಗೆ ಎಷ್ಟು ಲಾಭ ಅಂತ ಅಳೆಯಲು ಆಗಿಲ್ಲ. ಚರಂಡಿಗೆ ಹೋಗುವುದಂತೂ ತಪ್ಪಿದೆ.

ಹಾಗಂತ ಡ್ರಮ್ ತೆಗೆದುಹಾಕಿಲ್ಲ. ಮಲ್ಲಿಗೆ, ಕರಿಬೇವು, ಬದನೆ ಗಿಡಗಳಿಗೆ ನನ್ನ ಆಯ್ಕೆ ಈಗಲೂ ಅದೇ. ಮಳೆಗಾಲದಲ್ಲೂ ಇಲ್ಲಿ ಗಿಡ ಬಾಡುತ್ತದಲ್ವಾ, ಮುಂದಿನ ಮಳೆಯವರೆಗೆ ಡ್ರಮ್ ನೀರು ಸಾಕಾಗುತ್ತದೆ. ಖಾಲಿಯಾಗುವುದಕ್ಕೂ ಮತ್ತೆ ತುಂಬುವುದಕ್ಕೂ ಸರಿಹೋಗುತ್ತದೆ. ಸಂಪಿನ ನೀರನ್ನು ಗಿಡಕ್ಕೆ ಮುಟ್ಟುವುದಿಲ್ಲ. ದಿನಕ್ಕೆ 40 ಲೀಟರಿನಂತೆ ಅಡುಗೆಗೂ ಕುಡಿಯುವುದಕ್ಕೂ ಬಳಸಿದರೆ ಐದು ತಿಂಗಳು ಬರುತ್ತದೆ.

ನಾನು ಹೇಳಿದೆ ಅಂತ ಮಲೆನಾಡಿನ ಮೂಡಿಗೆರೆಯಲ್ಲಿರುವ ಅಕ್ಕನೂ ತೋಟಕ್ಕೆ ಡ್ರಮ್ ಇಟ್ಟಳು. ಅಲ್ಲಿ ಕಥೆಯೇ ಬೇರೆ. ಜೂನ್‌ನಿಂದ ಅದು ಸುಮ್ನೆ ತುಂಬಿ ಹರಿಯುತ್ತಲೇ ಇರುತ್ತದೆ, ಆಗ ಗಿಡಕ್ಕೆ ನೀರೇ ಬೇಡ. ಜನವರಿಯಲ್ಲಿ ಬೇಕಾದಾಗ ಮೂರೇ ದಿನಕ್ಕೆ ಖಾಲಿ, ಮತ್ತೆ ತುಂಬಲು ಮಳೆಯಿಲ್ಲ. ಅಷ್ಟು ಮಳೆ ಬೀಳುವ ಊರಿಗೆ ನಮಗಿಂತ ದೊಡ್ಡ ಸಂಪೇ ಬೇಕು. ಈ ಬೇಸಿಗೆಯಲ್ಲಿ ಅಕ್ಕ 10,000 ಲೀಟರಿನದು ಕಟ್ಟಿಸುತ್ತಿದ್ದಾಳೆ. ವಾಲ್ವ್ ಮೊದಲೇ ಹಾಕಿಸು ಅಂತ ನಿನ್ನೆಯೂ ಫೋನ್ ಮಾಡಿ ಹೇಳಿದೆ.